ಡೌನ್ ಸಿಂಡ್ರೋಮ್ ಇರುವ ತಮ್ಮನ ಮರೆವು ಇಇಜಿಯಲ್ಲಿ ತಿಳಿಯುತ್ತದೆಯೇ?

ಪ್ರಶ್ನೆ: ನಮ್ಮದು ಮುಳಬಾಗಿಲು ತಾಲ್ಲೂಕಿನ ಹಳ್ಳಿ. ಡೌನ್ ಸಿಂಡ್ರೋಮ್ ಇರುವ ನನ್ನ ತಮ್ಮನಿಗೆ ಈಗ 43 ವರ್ಷ. ರೇಷ್ಮೆ ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕುವ ಕೆಲಸವನ್ನು ಯಾರೂ ಹೇಳದೆಯೇ ಮಾಡುತ್ತಿದ್ದವನು ಇತ್ತೀಚೆಗೆ ಸೊಪ್ಪಿನ ಬುಟ್ಟಿ ಹಿಡಿದುಕೊಂಡು ತಟ್ಟೆಗಳ ಮುಂದೆ ಸುಮ್ಮನೆ ನಿಂತುಬಿಡುತ್ತಾನೆ. ಇದು ಮರೆಗುಳಿ ಕಾಯಿಲೆಯೇ? ಇಇಜಿ ಮಾಡಿಸಿದರೆ ಗೊತ್ತಾಗುತ್ತದೆಯೇ?

ಉತ್ತರ: ಇಇಜಿಯೊಂದನ್ನೇ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯೊಂದನ್ನೇ ನೋಡಿ ಮರೆಗುಳಿ ಕಾಯಿಲೆ ಇದೆ ಅಥವಾ ಇಲ್ಲ ಎಂದು ಹೇಳಲು ಬರುವುದಿಲ್ಲ. ಹಾಗಿದ್ದರೂ ನಿಮ್ಮ ತಮ್ಮನಿಗೆ ಆ ಪರೀಕ್ಷೆಯನ್ನು ಈಗಲೇ ಮಾಡಿಸುವುದು ಒಳ್ಳೆಯದೆಂದು ನನಗೆ ಅನಿಸುತ್ತದೆ.

ನಿಮ್ಮ ಆತಂಕಕ್ಕೆ ಆಧಾರವಿದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ವರ್ಣತಂತು ಎರಡರ ಬದಲು ಮೂರಿರುತ್ತದೆ ಎಂಬುದು 1959ರಿಂದಲೇ ತಿಳಿದ ಸಂಗತಿ. ಮರೆವು ತರುವ ಆಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನೊಳಗೆ ಗಡ್ಡೆಗಟ್ಟುವ ಅಮಿಲಾಯ್ಡ್ ಯಾವ ಪ್ರೋಟೀನಿನಿಂದ ಹುಟ್ಟುತ್ತದೋ ಅದರ ಜೀನ್ ಇರುವುದು ಇದೇ ವರ್ಣತಂತುವಿನಲ್ಲಿ. ಆದ್ದರಿಂದ ಇವರಲ್ಲಿ ಅಮಿಲಾಯ್ಡ್ ಶೇಖರಣೆ ಬೇಗ ಶುರುವಾಗಿ, 40 ವರ್ಷದ ಹೊತ್ತಿಗೆ ಬಹುತೇಕ ಎಲ್ಲರ ಮಿದುಳಿನಲ್ಲೂ ಕಾಣಿಸುತ್ತದೆ. ಮರೆವಿನ ಲಕ್ಷಣಗಳು ಹೆಚ್ಚಿನವರಲ್ಲಿ 50 ದಾಟಿದ ಮೇಲೆ ಬರುತ್ತವೆ, ಕೆಲವರಲ್ಲಿ ಅದಕ್ಕೂ ಮುಂಚೆಯೇ. ನೀವು ಗಮನಿಸಿದಂತೆ, ಮಾಡುತ್ತಿದ್ದ ಕೆಲಸದ ಕ್ರಮ ತಪ್ಪುವುದು, ಹಠ ಅಥವಾ ಮೌನ ಹೆಚ್ಚುವುದು ಮರೆವಿಗಿಂತ ಮೊದಲೇ ಕಾಣಿಸಿಕೊಳ್ಳಬಹುದು.

ಸಂಶೋಧಕರು ಇಇಜಿಯ ಕಡೆ ನೋಡುತ್ತಿರುವುದಕ್ಕೆ ಒಂದು ಸರಳ ಕಾರಣವಿದೆ. ಇವತ್ತಿನ ತಾರೀಕು ಯಾವುದು, ನೂರರಲ್ಲಿ ಏಳು ಕಳೆದರೆ ಎಷ್ಟು ಎಂದು ಕೇಳುವ ಮಾಮೂಲಿ ನೆನಪಿನ ಪರೀಕ್ಷೆಯಲ್ಲಿ, ಲೆಕ್ಕವನ್ನೇ ಕಲಿಯದವರು ಆರೋಗ್ಯವಾಗಿದ್ದಾಗಲೂ ಅನುತ್ತೀರ್ಣರಾಗುತ್ತಾರೆ. ಇಇಜಿ ಯಾವ ಉತ್ತರವನ್ನೂ ಕೇಳುವುದಿಲ್ಲ. ತಲೆಗೆ ಅಂಟಿಸಿದ ಪುಟ್ಟ ಬಿಲ್ಲೆಗಳು ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುತ್ತವೆ, ಅಷ್ಟೇ. ದೇಹದೊಳಕ್ಕೆ ಕರೆಂಟು ಹಾಯಿಸುವುದಿಲ್ಲ, ನೋವೂ ಇರುವುದಿಲ್ಲ. ಎಚ್ಚರವಾಗಿದ್ದು ಕಣ್ಣು ಮುಚ್ಚಿಕೊಂಡಾಗ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಆಲ್ಫಾ ಅಲೆ ಕಾಣುತ್ತದೆ. ಆಲ್ಝೈಮರ್ ಮುಂದುವರಿದಂತೆ ಆ ಅಲೆ ನಿಧಾನವಾಗಿ, ಅದಕ್ಕಿಂತ ಮಂದಗತಿಯ ಥೀಟಾ, ಡೆಲ್ಟಾ ಅಲೆಗಳು ಹೆಚ್ಚುತ್ತವೆ.

ತೊಡಕಿರುವುದು ಇಲ್ಲಿಯೇ. ಡೌನ್ ಸಿಂಡ್ರೋಮ್ ಇರುವವರ ಅಲೆಗಳು ಕಾಯಿಲೆಯಿಲ್ಲದಾಗಲೂ ಇತರರಿಗಿಂತ ತುಸು ನಿಧಾನವಾಗಿರುವುದುಂಟು. ಬರಿಯ ತೂಕಡಿಕೆಯಿಂದಲೂ ಅಲೆಗಳು ನಿಧಾನವಾಗುತ್ತವೆ. ಹಾಗಾಗಿ ಒಂದು ದಿನದ ದಾಖಲೆಯನ್ನು ಬೇರೆಯವರ ಸರಾಸರಿಯೊಂದಿಗೆ ಹೋಲಿಸಿ ತೀರ್ಮಾನ ಹೇಳುವುದು ತಪ್ಪಾಗುತ್ತದೆ. ಅದೇ ವ್ಯಕ್ತಿಯ ಹಳೆಯ ದಾಖಲೆಯೊಂದಿಗೆ ಹೋಲಿಸಿದಾಗ ಮಾತ್ರ ಬದಲಾವಣೆಗೆ ಅರ್ಥ ಬರುತ್ತದೆ. ಚೆನ್ನಾಗಿರುವಾಗಲೇ, 35ರ ಆಸುಪಾಸಿನಲ್ಲಿ, ಒಂದು ಇಇಜಿ ಮಾಡಿಸಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ ಎಂದು ನಾನು ಹೇಳುವುದು ಇದಕ್ಕಾಗಿ. ನಿಮ್ಮ ತಮ್ಮನಿಗೆ ಈ ವರ್ಷದ ದಾಖಲೆಯೇ ಮೊದಲನೆಯದಾಗಲಿ.

ಇಇಜಿ ಇವತ್ತೇ ನೆರವಾಗಬಲ್ಲ ಇನ್ನೊಂದು ವಿಷಯವಿದೆ: ಮೂರ್ಛೆ ರೋಗ. ಡೌನ್ ಸಿಂಡ್ರೋಮ್ ಜೊತೆಗೆ ಆಲ್ಝೈಮರ್ ಬಂದವರಲ್ಲಿ ಫಿಟ್ಸ್ ಬಹಳ ಸಾಮಾನ್ಯ. ಅದು ಯಾವಾಗಲೂ ಬಿದ್ದು ಒದ್ದಾಡುವ ರೂಪದಲ್ಲೇ ಬರುವುದಿಲ್ಲ. ಬೆಳಗ್ಗೆ ಎದ್ದ ಸ್ವಲ್ಪ ಹೊತ್ತಿನಲ್ಲಿ ಬೆಚ್ಚಿಬಿದ್ದವರ ಹಾಗೆ ಕೈ ಎಗರಿ ಲೋಟದ ಕಾಫಿ ಚೆಲ್ಲುವುದು, ಅದು ದಿನವೂ ಮರುಕಳಿಸುವುದು ಈ ಬಗೆಯ ಮೂರ್ಛೆಯ ಗುರುತಾಗಿರಬಹುದು. ಮನೆಯವರು ಇದನ್ನು ಕೈನಡುಕವೆಂದೋ ಅಜಾಗರೂಕತೆಯೆಂದೋ ತಿಳಿದು ಗದರಿಸುತ್ತಾರೆ, ಪಾಪ. ಕೆಲವು ಫಿಟ್ಸ್ ಮಾತ್ರೆಗಳು ಈ ಎಗರಾಟವನ್ನು ಹೆಚ್ಚಿಸುವುದರಿಂದ, ಔಷಧ ಆರಿಸುವ ಮೊದಲು ಇಇಜಿ ನೋಡಿಕೊಳ್ಳುವುದು ಮುಖ್ಯ. ಅಂಥದ್ದು ಕಂಡರೆ ಫೋನಿನಲ್ಲಿ ಒಂದು ವಿಡಿಯೋ ಮಾಡಿಟ್ಟುಕೊಂಡು ವೈದ್ಯರಿಗೆ ತೋರಿಸಿ.

ಆದರೆ ಇದೆಲ್ಲಕ್ಕೂ ಮೊದಲು ಥೈರಾಯ್ಡ್ ಮತ್ತು ಬಿ12 ರಕ್ತ ಪರೀಕ್ಷೆಗಳಾಗಲಿ. ಥೈರಾಯ್ಡ್ ಕೊರತೆ, ಕಿವುಡು, ಕಣ್ಣಿನ ಪೊರೆ, ಗೊರಕೆಯೊಡನೆ ಉಸಿರುಕಟ್ಟಿ ನಿದ್ದೆ ಕೆಡುವುದು, ಇವೆಲ್ಲ ಡೌನ್ ಸಿಂಡ್ರೋಮ್ ಇರುವವರಲ್ಲಿ ಹೆಚ್ಚು. ತಂದೆಯೋ ತಾಯಿಯೋ ತೀರಿಕೊಂಡ ಮೇಲೆ ಹೇಳಿಕೊಳ್ಳಲಾಗದ ದುಃಖದಿಂದ ಖಿನ್ನತೆಯೂ ಕವಿಯುತ್ತದೆ. ಇವುಗಳಲ್ಲಿ ಯಾವುದಾದರೂ ಮರೆಗುಳಿ ಕಾಯಿಲೆಯಂತೆಯೇ ಕಾಣಬಹುದು, ಮತ್ತು ಇವಕ್ಕೆ ಚಿಕಿತ್ಸೆ ಇದೆ. "ಇಂಥವರಿಗೆ ಹೀಗಾಗುವುದು ಸಹಜ" ಎಂದು ಯಾರಾದರೂ ಕೈಚೆಲ್ಲಿದರೆ ದಯವಿಟ್ಟು ಒಪ್ಪಬೇಡಿ.

ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಎಂಬ ಮಿದುಳಿನ ಆರೋಗ್ಯದ ಯೋಜನೆ ಮೊದಲು ಕೈಗೆತ್ತಿಕೊಂಡ ಜಿಲ್ಲೆಗಳಲ್ಲಿ ಕೋಲಾರವೂ ಚಿಕ್ಕಬಳ್ಳಾಪುರವೂ ಇದ್ದವು. ಆದ್ದರಿಂದ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ, ಅಲ್ಲಿಂದ ಅಗತ್ಯಬಿದ್ದರೆ ಬೆಂಗಳೂರಿಗೆ ಹೋಗಬಹುದು. ಪರೀಕ್ಷೆಯ ಹಿಂದಿನ ದಿನ ತಲೆಸ್ನಾನ ಮಾಡಿಸಿ, ಎಣ್ಣೆ ಹಚ್ಚಬೇಡಿ. ಮನೆಯಲ್ಲೇ ಬೆರಳಿನಿಂದ ತಲೆ ಮುಟ್ಟಿ, ಕಣ್ಣು ಮುಚ್ಚಿಸಿ, ಅಲುಗಾಡದೆ ಮಲಗುವುದನ್ನು ಆಟದಂತೆ ಅಭ್ಯಾಸ ಮಾಡಿಸಿದರೆ ಮಂಪರು ಔಷಧ ಬೇಕಾಗದಿರಬಹುದು. ಆ ಔಷಧದಿಂದಲೂ ಅಲೆಗಳು ಬದಲಾಗುತ್ತವೆ. ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ, ಅವನ್ನು ನೀವಾಗಿಯೇ ನಿಲ್ಲಿಸಬೇಡಿ. ವರದಿಯ ಹಾಳೆಯಷ್ಟೇ ಸಾಲದು, ಮೂಲ ದಾಖಲೆಯ ಫೈಲನ್ನೂ ಕೇಳಿ ಪಡೆದು ಜೋಪಾನ ಮಾಡಿ. ಮುಂದಿನ ಬಾರಿ ವೈದ್ಯರು ಹೋಲಿಸಿ ನೋಡಬೇಕಾದದ್ದು ಅದನ್ನೇ.