ಮಾವನ ಲ್ಯಾಪ್‌ಟಾಪಿಗೆ ಯಾವ ಮದ್ದು?

ಕಾಸರಗೋಡು ಹತ್ತಿರದ ಬದಿಯಡ್ಕದಿಂದ ಮಾವ ಫೋನ್ ಮಾಡಿದ್ದರು. ಲ್ಯಾಪ್‌ಟಾಪ್ ರಿಪೇರಿ ಮಾಡಿದ ಅಂಗಡಿಯವ ಆಂಟಿವೈರಸ್ ಹಾಕಲೇಬೇಕು ಅಂದನಂತೆ, ವರ್ಷ ವರ್ಷ ದುಡ್ಡು ಕಟ್ಟಬೇಕಂತೆ. "ಬೇಕಾ ಮಾರಾಯ?" ಅಂತ ಕೇಳಿದರು. ಬೇಡ ಅಂದೆ. ಅಷ್ಟಕ್ಕೆ ಬಿಡುವ ಜನ ಅಲ್ಲ ಅವರು, ಯಾಕೆ ಅಂತ ಹೇಳಬೇಕಾಯಿತು.

ಬೇಡ ಅಂದದ್ದು ಯಾಕೆಂದರೆ ಅದು ಆಗಲೇ ಇದೆ. 2012ರ ವಿಂಡೋಸ್ 8ರಿಂದ ಮೈಕ್ರೋಸಾಫ್ಟ್ 'ಡಿಫೆಂಡರ್' ಎಂಬ ಆಂಟಿವೈರಸ್ಸನ್ನು ಒಳಗೇ ಇಟ್ಟು ಕೊಡುತ್ತಿದೆ. ಹೊರಗಿನಿಂದ ಇನ್ನೊಂದು ತಂದು ಹಾಕಿದರೆ ಡಿಫೆಂಡರ್ ಸುಮ್ನೆ ಪಕ್ಕಕ್ಕೆ ಸರಿಯುತ್ತದೆ. ದುಡ್ಡು ಕೊಟ್ಟರೆ ಇಬ್ಬರು ಕಾವಲುಗಾರರು ಸಿಗುವುದಿಲ್ಲ, ಇದ್ದವನು ಬದಲಾಗುತ್ತಾನೆ ಅಷ್ಟೆ.

ಹಿಂದೆ ಹಾಗಿರಲಿಲ್ಲ. ಫೋಟೋ ಪ್ರಿಂಟಿಗೆ ಅಂತ ಕಾಸರಗೋಡು ಪೇಟೆಗೆ ಹೋದ ಪೆನ್‌ಡ್ರೈವ್ ಮನೆಗೆ ಬರುವಾಗ ವೈರಸ್ ಹೊತ್ತು ತರುತ್ತಿತ್ತು, ಸಿಕ್ಕಿಸಿದ ಕೂಡಲೇ ಅದು ತಾನಾಗೇ ಓಡುತ್ತಿತ್ತು. ವಿಂಡೋಸ್ 7ರಲ್ಲಿ ಆ ಬಾಗಿಲು ಮುಚ್ಚಿತು.

ಆಂಟಿವೈರಸ್ ಕೆಲಸ ಮಾಡುವುದು ಹೇಗೆ? ಗೊತ್ತಿರುವ ಕಳ್ಳರ ಬೆರಳಚ್ಚಿನ ಪಟ್ಟಿ ಇಟ್ಟುಕೊಂಡು ಫೈಲುಗಳನ್ನು ತಾಳೆ ನೋಡುತ್ತದೆ. ಕೋಡನ್ನು ಚೂರು ತಿರುಗಿಸಿ ಬರೆದರೆ ಬೆರಳಚ್ಚು ಬದಲಾಗುತ್ತದಲ್ಲ, ಅದಕ್ಕೆ ನಡತೆಯನ್ನೂ ಗಮನಿಸುತ್ತದೆ: ನಿನ್ನೆ ಬಂದ ಪ್ರೋಗ್ರಾಂ ನೂರಾರು ಫೈಲುಗಳಿಗೆ ಒಂದೇ ಸಮನೆ ಬೀಗ ಹಾಕತೊಡಗಿದರೆ ಹಿಡಿದು ನಿಲ್ಲಿಸುತ್ತದೆ. ಇದಕ್ಕೆಲ್ಲ ಕಂಪ್ಯೂಟರಿನ ಯಾವ ಮೂಲೆಗೂ ಹೋಗುವ ಅಧಿಕಾರ ಬೇಕು. ಅದೇ ಒಮ್ಮೊಮ್ಮೆ ತಿರುಗುಬಾಣ. 2024ರ ಜುಲೈ 19ರಂದು, ಕಚೇರಿಗಳ ಕಂಪ್ಯೂಟರ್ ಕಾಯುವ ಕ್ರೌಡ್‌ಸ್ಟ್ರೈಕ್‌ನ ಒಂದು ತಪ್ಪು ಅಪ್‌ಡೇಟಿಗೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಮಲಗಿದವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ವೈರಸ್ ಅಲ್ಲ, ಕಾವಲುಗಾರನದೇ ಕೆಲಸ!

ಮಾವನಿಗೆ ತಲೆಗೆ ಹೋದದ್ದು ಮಹಾಳಿಯ, ಅಂದರೆ ಅಡಿಕೆಯ ಕೊಳೆರೋಗದ ಲೆಕ್ಕ. ಮಳೆ ಹಿಡಿಯುವ ಮೊದಲೇ ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ಮದ್ದು ಸಿಂಪಡಿಸಿದರೆ ಅಡಿಕೆ ಉಳಿಯುತ್ತದೆ. ಕಾಯಿ ಉದುರತೊಡಗಿದ ಮೇಲೆ ಎಷ್ಟು ಮದ್ದು ಬಿಟ್ಟರೂ ಕಷ್ಟವೇ. ವಿಂಡೋಸ್ ಅಪ್‌ಡೇಟ್ ಆ ಮೊದಲ ಮದ್ದು. 2017ರ ಮೇ 12ರಂದು ವನ್ನಾಕ್ರೈ ಎಂಬ ಕೆಟ್ಟ ಪ್ರೋಗ್ರಾಂ ಹರಡತೊಡಗಿತು, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತು, ವಯನಾಡಿನ ಒಂದು ಪಂಚಾಯತ್ ಕಚೇರಿಯನ್ನೂ ಬಿಡಲಿಲ್ಲ. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಕೊಟ್ಟಿತ್ತು. ಎರಡು ತಿಂಗಳು ಮೊದಲು! ಆಮೇಲೆ ನೋಡೋಣ ಅಂತ ಒತ್ತಿದವರೇ ಜಾಸ್ತಿ ಸಿಕ್ಕಿಬಿದ್ದದ್ದು.

ನಾವೇ ಬಾಗಿಲು ತೆಗೆದು ಕೊಟ್ಟರೆ ಯಾವ ಕಾವಲೂ ಇಲ್ಲ. ಬ್ಯಾಂಕಿನವರು ಅಂತ ಫೋನ್ ಮಾಡಿ, ದೂರದಿಂದ ನಮ್ಮ ಪರದೆ ನೋಡುವ ಆ್ಯಪ್ ಹಾಕಿಸುತ್ತಾರೆ. ಆ ಆ್ಯಪ್ ವೈರಸ್ ಅಲ್ಲವೇ ಅಲ್ಲ, ಆಂಟಿವೈರಸ್ ಯಾಕೆ ಬೊಬ್ಬೆ ಹಾಕುತ್ತದೆ? ಕ್ರ್ಯಾಕ್ ಮಾಡಿದ, ಅಂದರೆ ಕದ್ದ ಸಾಫ್ಟ್‌ವೇರಿನ ಜತೆ 'ಮೊದಲು ಆಂಟಿವೈರಸ್ ಆಫ್ ಮಾಡಿ' ಅಂತ ಬರೆದಿರುತ್ತದೆ. ಕಾಲೇಜಿನ ದಿನಗಳಲ್ಲಿ ನಾನೂ ಹೇಳಿದ ಹಾಗೆ ಕೇಳಿದ್ದೇನೆ, ಎರಡು ಸಲ ಫಾರ್ಮ್ಯಾಟ್ ಮಾಡಿದ್ದೇನೆ.

ಖರ್ಚು ಮಾಡಲೇಬೇಕಿದ್ದರೆ ಒಂದು ಹಾರ್ಡ್ ಡಿಸ್ಕ್ ತಗೊಳ್ಳಿ ಅಂದೆ. ಮಾವ ಎಷ್ಟೋ ವರ್ಷಗಳಿಂದ ಹಳೇ ಯಕ್ಷಗಾನ ಪ್ರಸಂಗಗಳನ್ನು 'ನುಡಿ' ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಇಟ್ಟಿದ್ದಾರೆ, ಇರುವುದು ಅದೊಂದೇ ಪ್ರತಿ. ತಿಂಗಳಿಗೊಮ್ಮೆ ನಕಲು ತೆಗೆದು ವಯರ್ ಕಳಚಿ ಇಡಬೇಕು. ಸಿಕ್ಕಿಸಿಯೇ ಬಿಟ್ಟರೆ, ಬೀಗ ಹಾಕುವವನು ಬಂದಾಗ ಅದಕ್ಕೂ ಹಾಕುತ್ತಾನೆ.

ಒಂದು ತಾಪತ್ರಯ ಮಾತ್ರ ಉಳಿದಿದೆ. ಲ್ಯಾಪ್‌ಟಾಪಲ್ಲಿರುವುದು ವಿಂಡೋಸ್ 10. ಅದಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ, ಆ ಹಳೇ ಮೆಷಿನಿಗೆ ವಿಂಡೋಸ್ 11 ಹಿಡಿಸುವುದಿಲ್ಲ. ವಿಂಡೋಸ್ ತೆಗೆದು ಅದರ ಜಾಗಕ್ಕೆ ಲಿನಕ್ಸ್ ಹಾಕಬಹುದು. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನಲ್ಲಿ, ನಮ್ಮ ಕನ್ನಡ ಮೀಡಿಯಂನವರೂ ಅಷ್ಟೆ. ಒಂಬತ್ತನೇ ಕ್ಲಾಸಿನ ಮೊಮ್ಮಗಳು ತಾನೇ ಹಾಕಿಕೊಡುತ್ತೇನೆ ಅಂತ ತಯಾರಾಗಿ ಕೂತಿದ್ದಾಳೆ. ಮಾವನದ್ದು ಒಂದೇ ಹಟ: "ಅದರಲ್ಲಿ ನನ್ನ ನುಡಿ ಬರ್ತದಾ, ಅದು ಹೇಳು ಮೊದಲು."