ತುಟಿ ಸಡಿಲಿಸಿದರೆ ವೆರೊನೀಕ್

ಫ್ರೆಂಚರ ‘ವೆರೊನೀಕ್’ ಎಂಬ ಹೆಣ್ಣುಹೆಸರಿಗೆ ‘ನಿಜವಾದ ಬಿಂಬ’ ಎಂದು ಅರ್ಥ ಹೇಳುವವರು ಬಹಳ ಮಂದಿ. ಶಿಲುಬೆ ಹೊತ್ತು ನಡೆಯುತ್ತಿದ್ದ ಯೇಸುವಿನ ಮುಖವನ್ನು ಹೆಂಗಸೊಬ್ಬಳು ಬಟ್ಟೆಯಿಂದ ಒರೆಸಿದಳಂತೆ, ಬಟ್ಟೆಯ ಮೇಲೆ ಆ ಮುಖದ ಅಚ್ಚು ಮೂಡಿತಂತೆ. ಲ್ಯಾಟಿನ್ನಿನ ‘ವೇರಾ’ ಎಂದರೆ ನಿಜ, ಗ್ರೀಕಿನ ‘ಐಕಾನ್’ ಎಂದರೆ ಬಿಂಬ. ಎರಡನ್ನೂ ಸೇರಿಸಿ ಹೊಲಿದರೆ ವೆರೋನಿಕಾ! ಕಥೆ ಚೆನ್ನಾಗಿದೆ, ವ್ಯುತ್ಪತ್ತಿ ಮಾತ್ರ ಸುಳ್ಳು. ಹೆಸರು ಮೊದಲೇ ಇತ್ತು, ಈ ಅರ್ಥವನ್ನು ಆಮೇಲೆ ಅಂಟಿಸಿದರು.

ಅಸಲಿ ಹೆಸರು ಬೆರೆನಿಕೆ. ಇದರ ಗ್ರೀಕ್ ರೂಪ ಫೆರೆನಿಕೆ. ‘ಫೆರೆ’ ಎಂದರೆ ಹೊತ್ತು ತರುವುದು, ‘ನಿಕೆ’ ಎಂದರೆ ಗೆಲುವು. ಇಲ್ಲಿನ ‘ಫ’ವನ್ನು ಫ್ಯಾನಿನ ಫ ಎಂದು ಓದಬಾರದು, ಹಳೆಯ ಗ್ರೀಕರದು ನಮ್ಮ ‘ಫಲ’ದ ಮಹಾಪ್ರಾಣ. ಗ್ರೀಸಿನ ಉತ್ತರಕ್ಕಿದ್ದ ಮ್ಯಾಸಿಡೋನಿಯದವರ ಬಾಯಲ್ಲಿ ಅದು ‘ಬ’ ಆಗುತ್ತಿತ್ತು. ಅವರು ಫಿಲಿಪ್ಪನನ್ನೂ ‘ಬಿಲಿಪ್ಪ’ ಎನ್ನುತ್ತಿದ್ದರೆಂದು ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಈ ಫ, ಬ ಎರಡಕ್ಕೂ ತಾಯಿ ಇನ್ನೂ ಹಳೆಯದೊಂದು ‘ಭ’. ಸಂಸ್ಕೃತ ಅದನ್ನು ಹಾಗೆಯೇ ಉಳಿಸಿಕೊಂಡಿತು: ಭಾರ, ಭರಣ. ನಾವು ಮದುವೆಯ ಖರ್ಚು ‘ಭರಿಸುವಾಗ’ ಹೊರುವುದು ವೆರೊನೀಕಳ ಹೆಸರಿನ ಮೊದಲ ಅರ್ಧವನ್ನೇ.

ಈಜಿಪ್ಟನ್ನು ಆಳಿದ ಮ್ಯಾಸಿಡೋನಿಯದ ಮನೆತನದಲ್ಲಿ ಬೆರೆನಿಕೆಯರು ಹಲವರು. ಅವರಲ್ಲಿ ಎರಡನೆಯವಳು ಕೂದಲಿಗೆ ಹೆಸರಾದಳು. ಕ್ರಿ.ಪೂ. 246ರ ಸುಮಾರಿಗೆ ಗಂಡ ಮೂರನೆಯ ಟಾಲೆಮಿ ಸಿರಿಯಾದ ಯುದ್ಧಕ್ಕೆ ಹೊರಟಾಗ, ಆತ ಕ್ಷೇಮವಾಗಿ ಮರಳಿದರೆ ಮುಡಿ ಕೊಡುತ್ತೇನೆಂದು ಹರಕೆ ಹೊತ್ತಳು. ಹರಕೆ ತೀರಿತು, ಆದರೆ ದೇಗುಲದಲ್ಲಿಟ್ಟ ಜಡೆಯೇ ಕಾಣೆಯಾಯಿತು! ಆಸ್ಥಾನದ ಖಗೋಳಜ್ಞ ಕೋನಾನ್ ಸಿಂಹರಾಶಿಯ ಬಾಲದಾಚೆಯ ಮಸುಕು ನಕ್ಷತ್ರಗಳತ್ತ ಕೈತೋರಿ, ಜಡೆ ಅಲ್ಲಿದೆ ಎಂದನಂತೆ. ಚಾಣಾಕ್ಷ. ‘ಕೋಮಾ ಬೆರೆನಿಸಿಸ್’, ಅಂದರೆ ಬೆರೆನಿಕೆಯ ಕೇಶ, ಇಂದಿಗೂ ಅಧಿಕೃತ ನಕ್ಷತ್ರಪುಂಜ. ಏಪ್ರಿಲ್-ಮೇ ತಿಂಗಳ ರಾತ್ರಿ, ಊರಿನ ದೀಪಗಳಿಂದ ದೂರ ನಿಂತರೆ ಉದುರಿದ ಕೂದಲೆಳೆಗಳಂತೆ ಕಾಣುತ್ತದೆ.

ಇನ್ನು ‘ಬ’ ಹೋಗಿ ‘ವ’ ಬಂದದ್ದು. ಎರಡೂ ತುಟಿಗಳನ್ನು ಬಿಗಿಯಾಗಿ ಮುಚ್ಚಿ ತೆರೆದರೆ ‘ಬ’. ಪೂರ್ತಿ ಮುಚ್ಚದೆ ಗಾಳಿ ಬಿಟ್ಟರೆ ‘ವ’ದ ಹತ್ತಿರ ಹೋಗುತ್ತದೆ. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಗ್ರೀಕರ ತುಟಿ ಹೀಗೆಯೇ ಸಡಿಲಗೊಂಡಿತು. ಯೇಸುವಿನಿಂದ ವಾಸಿಯಾದ ಹೆಂಗಸೊಬ್ಬಳನ್ನು ಗ್ರೀಕ್ ಐತಿಹ್ಯ ಬೆರೆನಿಕೆ ಎಂದಿತು, ಲ್ಯಾಟಿನ್ ವೆರೋನಿಕಾ ಎಂದಿತು. ಬಟ್ಟೆಯ ಕಥೆ ಅವಳಿಗೆ ಅಂಟಿಕೊಂಡದ್ದು ಅನಂತರ.

ಫ್ರಾನ್ಸಿನಲ್ಲಿ ಹಳೆಯ ರೂಪವೂ ಸತ್ತಿಲ್ಲ. ಅಲ್ಲಿ ಅದು ಬೆರೆನೀಸ್. ಒಂದೇ ತರಗತಿಯಲ್ಲಿ ವೆರೊನೀಕ್, ಬೆರೆನೀಸ್ ಇಬ್ಬರೂ ಕುಳಿತಿದ್ದರೆ, ಹಾಜರಿ ಕೂಗುವ ಮೇಷ್ಟರು ಒಂದೇ ಹೆಸರನ್ನು ಎರಡು ಸಲ ಕರೆಯುತ್ತಿರುತ್ತಾರೆ.