‘ಸದ್ಯ. ಇಬ್ಬರೂ ಬದುಕಿದ್ದಾರೆ’

ಎರಡು ವರ್ಷದ ಹಿಂದೆ ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ಒಂದು ಇಂಗ್ಲಿಷ್ ಕಾದಂಬರಿ ಸಿಕ್ಕಿತು. ಅಮೆರಿಕದ ಯಾವುದೋ ಸಣ್ಣ ಪ್ರಕಾಶನದ್ದು. ಮುಖಪುಟದಲ್ಲಿ ಅಂಗಿ ಹಾಕಿಕೊಳ್ಳುವುದು ಮರೆತ ಇಬ್ಬರು ಗಂಡಸರು, ಹಿಂದೆ ಹುಣ್ಣಿಮೆ ಚಂದ್ರ, ಮೂಲೆಯಲ್ಲಿ ಒಂದು ತೋಳ. ಒಬ್ಬ ದನದ ಡಾಕ್ಟರು, ಇನ್ನೊಬ್ಬ ಹುಣ್ಣಿಮೆ ಬಂದರೆ ತೋಳವಾಗುವವನು. ಉಳಿದ ಕಥೆ ನೀವೇ ಊಹಿಸಿಕೊಳ್ಳಿ. ನೂರು ರೂಪಾಯಿ ಕೊಟ್ಟು ತಂದೆ.

ಮನೆಗೆ ಬಂದು ತೆರೆದರೆ ಪುಟದ ಅಂಚಿನಲ್ಲೆಲ್ಲ ಪೆನ್ಸಿಲ್ ಬರಹ. ಅದೂ ಕನ್ನಡದಲ್ಲಿ! ನನಗಿಂತ ಮುಂಚೆ ಓದಿದವರು ಯಾರೋ. ದುಂಡಗಿನ ಸಣ್ಣ ಅಕ್ಷರ. ‘ಮತ್ತೆ ಹುಣ್ಣಿಮೆ! ಇವರ ಊರಲ್ಲಿ ತಿಂಗಳಿಗೆ ಎಷ್ಟು ಹುಣ್ಣಿಮೆ?’ ಅಂತ ಒಂದು ಕಡೆ. ‘ಮೊದಲು ಬಾಗಿಲು ಹಾಕಿಕೊಳ್ರಪ್ಪಾ’ ಅಂತ ಇನ್ನೊಂದು ಕಡೆ. 112ನೇ ಪುಟದಲ್ಲಿ ಡಾಕ್ಟರು ತಾಯಿಗೆ ಫೋನ್ ಮಾಡಿ, ನಾನು ಗೇ ಅಂತ ಎರಡೇ ಸಾಲಿನಲ್ಲಿ ಹೇಳಿ ಮುಗಿಸುತ್ತಾನೆ. ಸರಿ ಕಂದಾ, ಭಾನುವಾರ ಊಟಕ್ಕೆ ಬಾ ಅನ್ನುತ್ತಾಳೆ ತಾಯಿ. ಅದರ ಪಕ್ಕ ಒಂದೇ ಪ್ರಶ್ನೆ: ‘ಇಷ್ಟೇನಾ?’ ಕೆಳಗೆ ಎರಡು ಸಲ ಗೆರೆ. ಎಷ್ಟು ಒತ್ತಿ ಎಳೆದಿದ್ದಾರೆ ಅಂದರೆ ಕಾಗದ ಸ್ವಲ್ಪ ಹರಿದಿದೆ. ಕೊನೇ ಪುಟದ ಬುಡದಲ್ಲಿ: ‘ಸದ್ಯ. ಇಬ್ಬರೂ ಬದುಕಿದ್ದಾರೆ.’

ತುಂಬ ಹೊತ್ತು ಆ ‘ಸದ್ಯ’ವನ್ನೇ ನೋಡುತ್ತಾ ಕೂತೆ. ಪ್ರೇಮಕಥೆ ಮುಗಿಸಿದವರು ಚೆನ್ನಾಗಿತ್ತು ಅಂತಾರೆ, ಬೋರು ಅಂತಾರೆ. ‘ಸದ್ಯ, ಬದುಕಿದ್ದಾರೆ’ ಅನ್ನುವುದು ಆಪರೇಷನ್ ಥಿಯೇಟರಿನ ಹೊರಗೆ ಕೂತವರ ಮಾತು. ಇಬ್ಬರು ಗಂಡಸರ ಪ್ರೇಮಕಥೆಯನ್ನು ಹೀಗೆ ಜೀವ ಕೈಯಲ್ಲಿ ಹಿಡಿದುಕೊಂಡು ಯಾಕೆ ಓದಬೇಕು? ಮತ್ತೆ, ಆ ಕಥೆಗಳಲ್ಲಿ ಇಷ್ಟೊಂದು ತೋಳ, ವ್ಯಾಂಪೈರು, ದೆವ್ವ ಎಲ್ಲಿಂದ ಬಂದು ಸೇರಿಕೊಂಡವು?

ಜಾಡು ಹಿಡಿದು ಹಿಂದೆ ಹೋದರೆ ನಾನು 1860ಕ್ಕೆ ಹೋಗಿ ನಿಲ್ಲುತ್ತೇನೆ. ಆ ವರ್ಷ ಬ್ರಿಟಿಷರು ಭಾರತೀಯ ದಂಡ ಸಂಹಿತೆ ತಂದರು. ಅದರ 377ನೇ ಕಲಂ ಗಂಡಸು ಗಂಡಸಿನ ಪ್ರೀತಿಯ ಹೆಸರನ್ನೇ ಎತ್ತಲಿಲ್ಲ. ‘ಪ್ರಕೃತಿಯ ಕ್ರಮಕ್ಕೆ ವಿರುದ್ಧ’ವಾದ ಸಂಭೋಗ ಅಂದಿತು, ಅಷ್ಟೇ. ಶಿಕ್ಷೆ ಜೀವಾವಧಿವರೆಗೂ ಇತ್ತು. ಈಗ ಹೇಳಿ, ಸತ್ತವರು ಎದ್ದು ಓಡಾಡುವುದೂ ಪ್ರಕೃತಿಯ ಕ್ರಮಕ್ಕೆ ವಿರುದ್ಧವೇ ಅಲ್ವಾ? ಇಬ್ಬರನ್ನೂ ಒಂದೇ ಬಾಗಿಲಿಂದ ಆಚೆ ಹಾಕಿದ್ದಾರೆ. ಆಚೆ ಕತ್ತಲಲ್ಲಿ ಇಬ್ಬರಿಗೂ ಪರಿಚಯವಾಗಿದೆ. ನನಗೆ ತೋಚುವ ಉತ್ತರ ಇದು.

ಇದೇ ಕಾಲದ ಬ್ರಿಟಿಷ್ ಪತ್ರಿಕೆಯಲ್ಲಿ, 1871–72ರಲ್ಲಿ, ಐರ್ಲೆಂಡಿನ ಶೆರಿಡನ್ ಲೆ ಫಾನು ಬರೆದ ‘ಕಾರ್ಮಿಲ್ಲಾ’ ಧಾರಾವಾಹಿಯಾಗಿ ಬಂತು. ಒಬ್ಬ ಹೆಣ್ಣು ವ್ಯಾಂಪೈರ್ ಇನ್ನೊಬ್ಬ ಹುಡುಗಿಯನ್ನು ಮೋಹಿಸುವ ಕಥೆ. ಡ್ರಾಕುಲಾ ಬರುವುದಕ್ಕೆ ಇನ್ನೂ 25 ವರ್ಷ ಇತ್ತು. ಇಬ್ಬರು ಮಾಮೂಲಿ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಹಾಗೆಲ್ಲ ಮಾತಾಡಿದ್ದರೆ ಆ ಪತ್ರಿಕೆ ಅಚ್ಚು ಹಾಕುತ್ತಿತ್ತಾ? ನನಗೆ ಅನುಮಾನ. ಒಬ್ಬಳು ರಕ್ತ ಕುಡಿಯುವವಳು ಅಂದಾಗ ನಡೆಯಿತು. ಯಾಕೆಂದರೆ ಕೊನೆಯಲ್ಲಿ ಅವಳ ಎದೆಗೆ ಗೂಟ ಹೊಡೆದು ತಲೆ ಕಡಿಯುತ್ತಾರೆ. ಓದುಗರಿಗೆ ಮಜವೂ ಸಿಕ್ಕಿತು, ಧರ್ಮವೂ ಉಳಿಯಿತು.

ದೆವ್ವದ ಮರೆ ಎಲ್ಲರನ್ನೂ ಕಾಪಾಡಲಿಲ್ಲ. ಆಸ್ಕರ್ ವೈಲ್ಡ್ 1890ರಲ್ಲಿ, ಮನುಷ್ಯನ ಬದಲು ಅವನ ಚಿತ್ರಪಟ ಮುದಿಯಾಗುವ ಕಥೆ ಬರೆದ. 1895ರಲ್ಲಿ ಕೋರ್ಟಿನಲ್ಲಿ ವಕೀಲರು ಅದೇ ಕಾದಂಬರಿಯ ಸಾಲುಗಳನ್ನು ಓದಿ ಅವನನ್ನು ಪ್ರಶ್ನೆ ಮಾಡಿದರು. ಕೊನೆಗೆ ಗಂಡಸರ ಸಂಗ ಮಾಡಿದ ಅಪರಾಧಕ್ಕೆ ಎರಡು ವರ್ಷ ಕಠಿಣ ಸಜೆಯಾಯಿತು.

ಇ. ಎಂ. ಫಾರ್ಸ್ಟರ್ ಅದಕ್ಕೇ ಹುಷಾರಾದರು ಅಂತ ಕಾಣುತ್ತೆ. ದೇವಾಸ್ ಮಹಾರಾಜರ ಹತ್ತಿರ ಕಾರ್ಯದರ್ಶಿಯಾಗಿದ್ದು, ಭಾರತದ ಮೇಲೆ ದೊಡ್ಡ ಕಾದಂಬರಿ ಬರೆದವರು ಇವರೇ. 1913–14ರಲ್ಲಿ ಇಬ್ಬರು ಗಂಡಸರ ಪ್ರೀತಿಯ ಕಾದಂಬರಿ ‘ಮಾರಿಸ್’ ಬರೆದು ಪೆಟ್ಟಿಗೆಯಲ್ಲಿಟ್ಟರು. 1970ರಲ್ಲಿ ತೀರಿಕೊಂಡರು. ಪುಸ್ತಕ ಬಂದದ್ದು 1971ಕ್ಕೆ. ಅದರ ಕೊನೆಗೆ ಅವರದೇ ಟಿಪ್ಪಣಿ ಇದೆ. ಸುಖಾಂತ್ಯ ಇರಲೇಬೇಕು ಅನ್ನುವುದು ಅವರ ಹಟ. ಹುಡುಗ ನೇಣಿಗೆ ಬಿದ್ದಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ, ಇಬ್ಬರೂ ಚೆನ್ನಾಗಿರುತ್ತಾರೆ ಅನ್ನುವುದೇ ಅಚ್ಚಿಗೆ ಅಡ್ಡಿ ಅಂತ ಬರೆದಿದ್ದಾರೆ. ಈ ಕಥೆಯಲ್ಲಿ ದೆವ್ವ ಇಲ್ಲ. ಆದರೆ ಪ್ರೇಮಿಗಳಿಗೆ ಊರೊಳಗೆ ಜಾಗವೂ ಇಲ್ಲ. ಕಾಡು ಸೇರಿಕೊಳ್ಳುತ್ತಾರೆ. ಇವತ್ತಿನ ತೋಳದ ಕಾದಂಬರಿಗಳಲ್ಲೂ ಅದೇ ಕಾಡು, ನೋಡಿ.

ಅಮೆರಿಕದಲ್ಲಿ 1950ರ ದಶಕದಲ್ಲಿ ಅಗ್ಗದ ಪೇಪರ್‌ಬ್ಯಾಕುಗಳು ಬಂದಾಗಲೂ ಕಥೆ ಅದೇ. ಇಬ್ಬರು ಹೆಂಗಸರ ಪ್ರೀತಿ ಬರೆಯಬಹುದು, ಆದರೆ ಕೊನೆಗೆ ಒಬ್ಬಳಿಗೆ ಹುಚ್ಚು ಹಿಡಿಯಬೇಕು, ಇಲ್ಲಾ ಗಂಡಸಿನ ಜೊತೆ ಹೋಗಬೇಕು. ಇಲ್ಲದಿದ್ದರೆ ಅಂಚೆ ಇಲಾಖೆ ಅಶ್ಲೀಲ ಅಂತ ಪುಸ್ತಕದ ಕಟ್ಟನ್ನೇ ಹಿಡಿದು ಹಾಕೀತು ಅನ್ನುವ ಭಯ ಪ್ರಕಾಶಕರಿಗೆ. ಇಷ್ಟು ವರ್ಷ ಇಷ್ಟು ಜನ ಸತ್ತ ಮೇಲೆ ಓದುಗರ ಬಾಯಲ್ಲಿ ‘ಸದ್ಯ’ ಬರದೆ ಇನ್ನೇನು ಬರುತ್ತೆ?

ಆಮೇಲೆ ಒಂದು ತಮಾಷೆ ನಡೆಯಿತು. 1972ರಲ್ಲಿ ಜಪಾನಿನ ಹಾಗಿಯೋ ಮೋಟೋ ಎಂಬ ಹೆಣ್ಣುಮಗಳು, ವಯಸ್ಸೇ ಆಗದ ವ್ಯಾಂಪೈರ್ ಹುಡುಗರ ಕಾಮಿಕ್ಸ್ ಶುರುಮಾಡಿದರು. ಅವರೇ ಎರಡು ವರ್ಷದ ನಂತರ ಹಾಸ್ಟೆಲಿನ ಹುಡುಗರ ಪ್ರೀತಿಯ ಕಥೆ ಬರೆದರು. ಅದೇ 1974ರಲ್ಲಿ ‘ಸ್ಟಾರ್ ಟ್ರೆಕ್’ ಅಭಿಮಾನಿ ಹೆಂಗಸೊಬ್ಬರು ಆ ಸೀರಿಯಲ್ಲಿನ ಕ್ಯಾಪ್ಟನ್ನನ್ನೂ ಅವನ ಬೇರೆ ಗ್ರಹದ ಗೆಳೆಯನನ್ನೂ ಜೋಡಿ ಮಾಡಿ ಪುಟ್ಟ ಕಥೆ ಬರೆದು, ಅಭಿಮಾನಿಗಳೇ ನಡೆಸುತ್ತಿದ್ದ ಪತ್ರಿಕೆಯಲ್ಲಿ ಹಂಚಿದರು. 1976ರಲ್ಲಿ ಆನ್ ರೈಸ್ ಅವರ ವ್ಯಾಂಪೈರ್ ಕಾದಂಬರಿ ಬಂತು. ಇಬ್ಬರು ಗಂಡು ವ್ಯಾಂಪೈರ್‌ಗಳು ಒಂದು ಮಗುವನ್ನಿಟ್ಟುಕೊಂಡು ಸಂಸಾರ ಹೂಡುತ್ತಾರೆ, ಗಂಡ ಹೆಂಡತಿಯ ಹಾಗೇ ಜಗಳ ಆಡುತ್ತಾರೆ. ಮೂವರೂ ಹೆಂಗಸರು, ಮೂರೂ ಕಡೆ ಈ ಲೋಕದವರಲ್ಲದ ಗಂಡಸರು. ಕಾರ್ಮಿಲ್ಲಾಳ ಕಾಲದಲ್ಲಿ ದೆವ್ವದ ವೇಷ ಹಾಕಿಸಿದ್ದು ಕೊಲ್ಲುವುದಕ್ಕೆ. ಇವರು ಅದೇ ವೇಷ ಹಾಕಿಸಿ ಸಂಸಾರ ಮಾಡಿಸಿದರು.

ನಮ್ಮ ಕಡೆ ಆಗ ಏನು ನಡೆಯುತ್ತಿತ್ತು? ನಾನು ಬೆಳೆದದ್ದು ರಾಜಾಜಿನಗರದಲ್ಲಿ. ನಮ್ಮ ರಸ್ತೆಯ ಸರ್ಕ್ಯುಲೇಟಿಂಗ್ ಲೈಬ್ರರಿ ಒಂದು ಗ್ಯಾರೇಜಿನಲ್ಲಿತ್ತು. ದಿನಕ್ಕೆ ಐವತ್ತು ಪೈಸೆ. ಒಂದು ಗೋಡೆಗೆ ಸಾಯಿಸುತೆ, ಉಷಾ ನವರತ್ನರಾಂ ಅವರ ಪ್ರೇಮ, ಸಂಸಾರದ ಕಾದಂಬರಿಗಳು. ಎದುರಿನ ಗೋಡೆಗೆ ಪತ್ತೇದಾರಿ, ಮಾಟ ಮಂತ್ರ, ಮತ್ತೆ ತೆಲುಗಿನಿಂದ ಬಂದ ಯಂಡಮೂರಿ. ಅಮ್ಮನಿಗೆ ಆ ಗೋಡೆ, ನನಗೆ ಈ ಗೋಡೆ. ಎರಡೂ ಬೆರೆತ ಪುಸ್ತಕ ಅಲ್ಲಿ ಇರಲಿಲ್ಲ.

ಹಾಗಂತ ಕನ್ನಡಕ್ಕೆ ಆ ಬೆರಕೆ ಹೊಸದೇನಲ್ಲ. ರಾತ್ರಿ ಗಂಡನ ರೂಪದಲ್ಲಿ ಬರುವ ನಾಗಪ್ಪನ ಕಥೆ ಅಜ್ಜಿಯರಿಗೆಲ್ಲ ಗೊತ್ತಿತ್ತು. ಗಿರೀಶ ಕಾರ್ನಾಡರು 1980ರ ದಶಕದ ಕೊನೆಗೆ ಅದನ್ನೇ ‘ನಾಗಮಂಡಲ’ ಮಾಡಿದರು. ಅದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಜಾಗ ಇದೆ. ನಾಗ ಸಾಯುತ್ತಾನೆ, ಕಥೆ ಮುಗಿಯಿತು ಅನ್ನುವಾಗ, ಕೇಳುತ್ತಾ ಕೂತ ದೀಪದ ಕುಡಿಗಳಿಗೆ ಸಮಾಧಾನ ಆಗುವುದಿಲ್ಲ. ಆಗ ಕೊನೆ ಬದಲಾಗುತ್ತೆ. ನಾಗ ಬದುಕುತ್ತಾನೆ, ರಾಣಿಯ ತುರುಬಿನಲ್ಲಿ ಮನೆ ಮಾಡುತ್ತಾನೆ. ನನ್ನ ಪೆನ್ಸಿಲ್ ಓದುಗರು ಆ ದೀಪಗಳ ಜಾತಿಯವರೇ.

ಆದರೆ ಅಲ್ಲೂ ಗಂಡು ಹೆಣ್ಣು. ಈ ವಿಷಯ ಬಂದಾಗಲೆಲ್ಲ, ಹೆಣ್ಣೂ ಅಲ್ಲ ಗಂಡೂ ಅಲ್ಲ ಅನ್ನುವ ದಾಸಿಮಯ್ಯನ ‘ನಡುವೆ ಸುಳಿವ ಆತ್ಮ’ವನ್ನು ಎಳೆದು ತರುವವರಿದ್ದಾರೆ. ವಚನ ಚೆನ್ನಾಗಿದೆ, ಸುಮ್ನೆ ಅದಕ್ಕೆ ಇಲ್ಲದ ಕೆಲಸ ಕೊಡಬಾರದು. ಆತ್ಮಕ್ಕೆ ಬಾಡಿಗೆ ಮನೆ ಹುಡುಕುವ ಕಷ್ಟ ಇಲ್ಲ.

ಬಾಡಿಗೆ ಮನೆ ಹುಡುಕುವ ಗಂಡಸರು ಇದೇ ಊರಲ್ಲಿದ್ದರು. 1994ರಲ್ಲಿ ‘ಗುಡ್ ಆಸ್ ಯೂ’ ಅನ್ನುವ ಗುಂಪು ಬೆಂಗಳೂರಲ್ಲಿ ಶುರುವಾಯಿತು. ಪ್ರತಿ ಗುರುವಾರ ಸೇರಿ ಮಾತಾಡುವುದು, ಅಷ್ಟೇ ಕೆಲಸ. 1997ರಲ್ಲಿ ನ್ಯಾಷನಲ್ ಲಾ ಸ್ಕೂಲಿನಲ್ಲಿ ಗೇ ಹಕ್ಕುಗಳ ಬಗ್ಗೆ ವಿಚಾರ ಸಂಕಿರಣ ನಡೆಯಿತು. 2001ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕರ್ನಾಟಕ, ಇಂಥವರ ಮೇಲಿನ ದೌರ್ಜನ್ಯದ ಬಗ್ಗೆ ಒಂದು ವರದಿ ತಂದಿತು. ಪಾರ್ಕುಗಳಲ್ಲಿ ಬೆದರಿಸಿ ದುಡ್ಡು ಕೀಳುವುದು, ಹೊಡೆಯುವುದು, ಮನೆಗೆ ಹೇಳುತ್ತೇನೆ ಅನ್ನುವುದು, ಎಲ್ಲ ಅದರಲ್ಲಿದೆ. ಅದನ್ನು ಓದಿದ ಮೇಲೆ ವ್ಯಾಂಪೈರ್ ಕಥೆಯ ಒಂದು ಮಾಮೂಲಿ ವಿಷಯ ನನಗೆ ಬೇರೆ ಥರ ಕಾಣತೊಡಗಿತು. ಹಗಲು ಒಂದು ಮುಖ, ರಾತ್ರಿ ಒಂದು ಮುಖ, ಗೊತ್ತಾದರೆ ಊರೇ ಪಂಜು ಹಿಡಿದು ಬರುತ್ತೆ. ಇದನ್ನು ಯಾರೂ ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ.

2013ರಲ್ಲಿ ವಸುಧೇಂದ್ರ ಅವರ ‘ಮೋಹನಸ್ವಾಮಿ’ ಬಂತು. ಕನ್ನಡದಲ್ಲಿ ಗೇ ಗಂಡಸಿನ ಬದುಕನ್ನು ಒಳಗಿನಿಂದ ನೇರವಾಗಿ ಹೇಳಿದ ಕಥೆಗಳು. ದೆವ್ವ ಇಲ್ಲ, ತೋಳ ಇಲ್ಲ, ಮರೆಯೇ ಇಲ್ಲ. ಮೋಹನಸ್ವಾಮಿಯ ಜೊತೆಗಾರ ಕಾರ್ತಿಕ್ ಒಂದು ದಿನ ಹುಡುಗಿಯನ್ನು ಮದುವೆಯಾಗಲು ಹೊರಡುತ್ತಾನೆ. ಅದನ್ನು ಓದಿದಾಗ ನನಗೆ ಹೊಟ್ಟೆ ಕಲಸಿದ ಹಾಗಾಯಿತು. ಇಂಗ್ಲಿಷಿನಲ್ಲಿ ‘ಗೇ’ ಅಂದರೆ ಯಾವುದೋ ದೇಶದಲ್ಲಿ ಯಾರೋ. ಕನ್ನಡದಲ್ಲಿ ಓದಿದರೆ ಗೋಡೆಯಾಚೆ ಕುಕ್ಕರ್ ಕೂಗಿಸುತ್ತಿರುವವನು. ಸ್ಕೂಲಿನಲ್ಲಿ ಹುಡುಗರು ಯಾವ ಪದ ಕೂಗಿ ರೇಗಿಸುತ್ತಾರೋ ಆ ಪದ ಕನ್ನಡದಲ್ಲೇ ಚುಚ್ಚುತ್ತೆ. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು, 377ನ್ನು ಸಡಿಲಿಸಿದ್ದ 2009ರ ದೆಹಲಿ ಹೈಕೋರ್ಟ್ ತೀರ್ಪನ್ನು ತಳ್ಳಿಹಾಕಿ 377ನ್ನು ವಾಪಸ್ ಕೂರಿಸಿತು. ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ ಅಂತಾಗಲು 2018ರ ಸೆಪ್ಟೆಂಬರ್ 6ರವರೆಗೆ ಕಾಯಬೇಕಾಯಿತು.

ಈ ಕಡೆ ಪುಸ್ತಕ ಓದುವ ರೀತಿಯೇ ಬದಲಾಯಿತು. 2007ರಲ್ಲಿ ಇ-ಪುಸ್ತಕ ಓದುವ ಕಿಂಡಲ್ ಬಂತು. 2009ರಲ್ಲಿ ಅಭಿಮಾನಿಗಳೇ ಕಟ್ಟಿದ, ಅವರೇ ಬರೆದ ಕಥೆಗಳ ವೆಬ್‌ಸೈಟ್ ಆರ್ಕೈವ್ ಆಫ್ ಅವರ್ ಓನ್ ಬಂತು. ಮುಖಪುಟಕ್ಕೆ ನ್ಯೂಸ್‌ಪೇಪರ್ ರ‍್ಯಾಪರ್ ಹಾಕುವ ಕಷ್ಟ ತಪ್ಪಿತು. ಮೆಟ್ರೋದಲ್ಲಿ ನಿಂತುಕೊಂಡು ನಾನು ಏನು ಓದುತ್ತಿದ್ದೇನೆ ಅಂತ ಪಕ್ಕದವರಿಗೆ ಗೊತ್ತಾಗಲ್ಲ. ಚೀನಾದ ದೆವ್ವ ಮಂತ್ರಗಳ ಗೇ ಕಾದಂಬರಿಗಳೂ ಅನುವಾದವಾಗಿ ಬಂದವು. ಅಂಥದ್ದೊಂದು 2019ರಲ್ಲಿ ‘ದಿ ಅನ್‌ಟೇಮ್ಡ್’ ಅಂತ ಸೀರಿಯಲ್ ಆಯಿತು. ಸೆನ್ಸಾರಿನ ದೆಸೆಯಿಂದ ಪ್ರೇಮಿಗಳು ಪ್ರಾಣ ಸ್ನೇಹಿತರಾದರು, ನಡೆದಾಡುವ ಹೆಣಗಳು ಗೊಂಬೆಗಳಾದವು. ಪ್ರೀತಿಗೂ ಕತ್ತರಿ, ದೆವ್ವಕ್ಕೂ ಕತ್ತರಿ. ಒಂದೇ ಬಾಗಿಲು ಅಂದೆನಲ್ಲ.

ಇನ್ನು ನನ್ನಂಥವರ ವಿಷಯ. ಮಗಳನ್ನು ಟ್ಯೂಷನ್ನಿಗೆ ಬಿಟ್ಟು, ಹೊರಗೆ ಸ್ಕೂಟರ್ ಮೇಲೆ ಕೂತು ಇದನ್ನೆಲ್ಲ ಓದುವ ಹೆಂಗಸರು. ನಮ್ಮಂಥವರು ಬಹಳ ಜನ ಇದ್ದಾರೆ. ಬೇರೆಯವರ ಕಷ್ಟವನ್ನು ಟೈಂಪಾಸ್ ಮಾಡಿಕೊಂಡಿದ್ದೀರಿ ಅಂತ ಗೇ ಗೆಳೆಯನೊಬ್ಬ ಒಮ್ಮೆ ಮುಖಕ್ಕೇ ಹೇಳಿದ. ಅವನು ಹೇಳಿದ್ದರಲ್ಲಿ ಅರ್ಧ ನಿಜ. ಇನ್ನರ್ಧ ಏನೆಂದರೆ, ಈ ಕಥೆಗಳಲ್ಲಿ ಅಡುಗೆ ಯಾರು ಮಾಡಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರುವುದಿಲ್ಲ. ನನಗೆ ಅದೇ ದೊಡ್ಡ ಫ್ಯಾಂಟಸಿ.

ಹಿಡಿಸದ್ದೂ ಜಾಸ್ತಿ ಇದೆ. ತೋಳದ ಕಥೆಗಳಲ್ಲಿ ‘ಫೇಟೆಡ್ ಮೇಟ್’ ಅಂತ ಒಂದು ಪದ್ಧತಿ. ವಾಸನೆ ಹಿಡಿದ ತಕ್ಷಣ ಇವನೇ ನನ್ನ ಜೋಡಿ ಅಂತ ತೋಳಕ್ಕೆ ಗೊತ್ತಾಗುತ್ತೆ. ಮನೆಯವರೂ ತುಟಿ ಪಿಟಕ್ಕೆನ್ನಲ್ಲ. ಇದು ನಮ್ಮ ಜಾತಕವೇ ತಾನೇ! ಋಣಾನುಬಂಧ, ಏಳೇಳು ಜನ್ಮ ಅಂದರೆ ನಮ್ಮಲ್ಲೂ ಎಲ್ಲರೂ ಸುಮ್ಮನಾಗುತ್ತಾರೆ. ನನಗೆ ಇವನು ಬೇಕು ಅಂತ ಒಬ್ಬ ಗಂಡಸು ಸ್ವಂತ ಬಾಯಲ್ಲಿ ಹೇಳುವ ಬದಲು, ವಿಧಿಯ ಕೈಯಲ್ಲಿ ಸಹಿ ಹಾಕಿಸುವ ಉಪಾಯ. ತೋಳಗಳ ಹಿಂಡಂತೂ ಕೂಡುಕುಟುಂಬ. ಯಜಮಾನ ಹೂಂ ಅಂದರೆ ಮುಗಿಯಿತು.

ಬೆಂಗಳೂರಿನ ಹಳಬರಿಗೆ ‘ನಾಳೆ ಬಾ’ ನೆನಪಿರಬಹುದು. 1990ರ ದಶಕದಲ್ಲಿ ಮನೆ ಮನೆಯ ಬಾಗಿಲ ಮೇಲೆ ಬರೆದಿರುತ್ತಿತ್ತು. ರಾತ್ರಿ ಹೆಣ್ಣು ದೆವ್ವವೊಂದು ಮನೆಯವರದೇ ದನಿಯಲ್ಲಿ ಬಾಗಿಲು ಬಡಿಯುತ್ತೆ, ಬರೆದದ್ದು ಓದಿ ವಾಪಸ್ ಹೋಗುತ್ತೆ, ಮಾರನೇ ದಿನ ಮತ್ತೆ ಬಂದು ಅದನ್ನೇ ಓದುತ್ತೆ ಅನ್ನುವ ನಂಬಿಕೆ. ನಮ್ಮ ಬಾಗಿಲಿಗೆ ಅಪ್ಪ ಸೀಮೆಸುಣ್ಣದಲ್ಲಿ ಬರೆದಿದ್ದರು. 2023ರ ಅಕ್ಟೋಬರ್ 17ರಂದು ಟಿವಿ ನೋಡುತ್ತಿದ್ದಾಗ ನನಗೆ ಆ ಬಾಗಿಲು ನೆನಪಾಯಿತು. ಸಲಿಂಗ ಮದುವೆಗೆ ಮಾನ್ಯತೆ ಕೊಡುವುದು ನಮ್ಮ ಕೆಲಸವಲ್ಲ, ಸಂಸತ್ತಿನದು ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. ಬಾಗಿಲು ಬಡಿಯುತ್ತಿದ್ದವರು ಆವತ್ತೂ ಮನೆಯವರದೇ ದನಿಯಲ್ಲಿ ಕೂಗುತ್ತಿದ್ದರು. ಮನೆಯವರೇ ಆಗಿದ್ದರಲ್ಲ.

ಆ ತೋಳದ ಪುಸ್ತಕ ಕಳೆದ ವರ್ಷ ನಾಲ್ಕು ಮನೆ ಸುತ್ತಿ ನನ್ನ ಹತ್ತಿರ ವಾಪಸ್ ಬಂತು. ಬೈಂಡಿಂಗ್ ಬಿಟ್ಟಿದೆ, ಮುಖಪುಟದ ಮೇಲೆ ಕಾಫಿ ಲೋಟದ ಗುರುತು. 112ನೇ ಪುಟದಲ್ಲಿ, ಪೆನ್ಸಿಲ್ಲಿನ ‘ಇಷ್ಟೇನಾ?’ ಕೆಳಗೆ, ನೀಲಿ ಬಾಲ್‌ಪೆನ್ನಿನಲ್ಲಿ ಯಾರೋ ಇನ್ನೊಂದು ಸಾಲು ಸೇರಿಸಿದ್ದಾರೆ: ‘ನಮ್ಮನೇಲಿ ಎಂಟು ವರ್ಷ ಹಿಡೀತು. ಈಗ ಇಬ್ಬರನ್ನೂ ಊಟಕ್ಕೆ ಕರೀತಾರೆ. ಅಮ್ಮ ಅವನಿಗೆ ಮಾತ್ರ ತುಪ್ಪ ಜಾಸ್ತಿ ಹಾಕ್ತಾಳೆ.’